ಸೇಬಿನ ಸಿಪ್ಪೆಗೆ ಎಷ್ಟು ಹುಳಿ?

ಆಗಸ್ಟ್ ತಿಂಗಳು ಬಂತೆಂದರೆ ಬೆಂಗಳೂರಿನ ತಳ್ಳುಗಾಡಿಗಳ ಮೇಲೆ ಹಿಮಾಚಲದ ಸೇಬು ಕಾಣಿಸಿಕೊಳ್ಳುತ್ತದೆ. ಸೆಪ್ಟೆಂಬರ್ ಕಳೆಯುವಷ್ಟರಲ್ಲಿ ಕಾಶ್ಮೀರದ ಹಣ್ಣೂ ಬಂದು ಸೇರಿ, ಬೆಲೆ ಕೈಗೆಟಕುವ ಮಟ್ಟಕ್ಕೆ ಇಳಿಯುತ್ತದೆ. ಅಷ್ಟು ದೂರದಿಂದ ಲಾರಿಯಲ್ಲಿ ಕುಲುಕಾಡಿಕೊಂಡು ಬಂದ ಪೆಟ್ಟಿಗೆಗಳಲ್ಲಿ ಪೆಟ್ಟು ತಿಂದ ಹಣ್ಣುಗಳೂ ಇದ್ದೇ ಇರುತ್ತವೆ. ಗಾಡಿಯವರು ಅವನ್ನು ಬೇರೆ ರಾಶಿ ಹಾಕಿ, ಕತ್ತಲಾಗುವ ಹೊತ್ತಿಗೆ ಸಿಕ್ಕಿದ ಬೆಲೆಗೆ ಕೊಟ್ಟುಬಿಡುತ್ತಾರೆ. ಮನೆಯಲ್ಲಿ ವಿನೆಗರ್ ಮಾಡುವವರಿಗೆ ಬೇಕಾದದ್ದು ಆ ರಾಶಿಯೇ. ಪೆಟ್ಟು ಬಿದ್ದು ಮೆತ್ತಗಾದ ಭಾಗ ಅಡ್ಡಿಯಿಲ್ಲ, ಆದರೆ ಬೂಷ್ಟು ಹಿಡಿದ ಹಣ್ಣು ಬೇಡ. ಕೊಳೆತ ಸೇಬಿನಲ್ಲಿ ಬೆಳೆಯುವ ಒಂದು ಬಗೆಯ ಶಿಲೀಂಧ್ರವು ಪ್ಯಾಟುಲಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಅದು ಕುದಿಸಿದರೂ ಪೂರ್ತಿ ಹೋಗುವಂಥದ್ದಲ್ಲ.

ಸೇಬಿನ ವಿನೆಗರ್ ಬಗ್ಗೆ ನನ್ನನ್ನು ಕೇಳುವವರೆಲ್ಲ ಎರಡೇ ಪ್ರಶ್ನೆ ಕೇಳುತ್ತಾರೆ: ಎಷ್ಟು ದಿನ ಬೇಕು, ಯಾವುದಕ್ಕೆಲ್ಲ ಒಳ್ಳೆಯದು. ಅದು ಎಷ್ಟು ಹುಳಿಯಾಗಿರುತ್ತದೆ ಎಂದು ಕೇಳಿದವರು ಅಪರೂಪ. ನನ್ನ ಮಟ್ಟಿಗೆ ಉಳಿದ ಪ್ರಶ್ನೆಗಳೆಲ್ಲ ಇದರ ಹಿಂದೆ ನಿಲ್ಲುತ್ತವೆ. ಉಪ್ಪಿನಕಾಯಿಗೆ ಹಾಕಬಹುದೇ, ಕೆಟಲಿನ ಸುಣ್ಣ ಬಿಡುತ್ತದೆಯೇ, ತಲೆಗೆ ಹಾಕಿಕೊಳ್ಳಬಹುದೇ, ಕುಡಿಯಬಹುದೇ ಎಂಬ ಎಲ್ಲದಕ್ಕೂ ಉತ್ತರ ಆ ಬಾಟಲಿಯಲ್ಲಿರುವ ಆಸಿಟಿಕ್ ಆಮ್ಲದ ಪ್ರಮಾಣದಲ್ಲಿದೆ. ಆ ಪ್ರಮಾಣವನ್ನು ನಿರ್ಧರಿಸುವುದು ನಾವು ಮೊದಲ ದಿನ ಭರಣಿಗೆ ಹಾಕಿದ ಸಕ್ಕರೆ. ಸೇಬಿನದಾಗಲಿ, ಡಬ್ಬದಿಂದ ತೆಗೆದದ್ದಾಗಲಿ.

ಕೆಲಸ ನಡೆಯುವುದು ಎರಡು ಹಂತದಲ್ಲಿ. ಮೊದಲು ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಇದಕ್ಕೆ ಗಾಳಿಯ ಹಂಗಿಲ್ಲ. ಆಮೇಲೆ ಬರುವ ಅಸಿಟೋಬ್ಯಾಕ್ಟರ್ ಕುಲದ ಬ್ಯಾಕ್ಟೀರಿಯಾಗಳು ಆ ಮದ್ಯಸಾರವನ್ನು ಗಾಳಿಯ ಆಮ್ಲಜನಕದ ನೆರವಿನಿಂದ ಆಸಿಟಿಕ್ ಆಮ್ಲವಾಗಿ ಬದಲಿಸುತ್ತವೆ. ಇವಕ್ಕೆ ಗಾಳಿ ಇಲ್ಲದೆ ಒಂದು ಗಳಿಗೆಯೂ ನಡೆಯದು. ಫ್ರಾನ್ಸಿನ ಓರ್ಲಿಯನ್ಸ್ ಪಟ್ಟಣದ ವಿನೆಗರ್ ತಯಾರಕರು ತಮ್ಮ ಪೀಪಾಯಿಗಳನ್ನು ಪೂರ್ತಿ ತುಂಬಿಸದೆ, ಮೇಲೆ ಗಾಳಿಗೆ ಜಾಗ ಬಿಟ್ಟು ತಿಂಗಳುಗಟ್ಟಲೆ ಇಡುತ್ತಿದ್ದರು. ಅದರ ಹಿಂದಿನ ಕಾರಣವನ್ನು 1860ರ ದಶಕದಲ್ಲಿ ಬಿಡಿಸಿ ತೋರಿಸಿದವನು ಲೂಯಿ ಪಾಶ್ಚರ್: ದ್ರವದ ಮೇಲ್ಮೈಯಲ್ಲಿ ಹರಡಿಕೊಳ್ಳುವ ಕೆನೆಯಂಥ ಪದರ ಜೀವಂತವಾದದ್ದು, ಹುಳಿ ಮಾಡುವುದು ಅದೇ, ಅದಕ್ಕೆ ಗಾಳಿ ಬೇಕೇ ಬೇಕು. ಅಡಿಗೆಮನೆಯ ಕಪಾಟಿನಲ್ಲಿರುವ ಭರಣಿಗೂ ಇದೇ ನಿಯಮ. ಮನೆಯಲ್ಲಿ ಮಾಡುವ ವಿನೆಗರ್ ಕೆಟ್ಟಿತೆಂದರೆ ಬಹುಮಟ್ಟಿಗೆ ಎರಡನೆಯ ಹಂತದಲ್ಲಿ ಮುಚ್ಚಳ ಬಿಗಿದದ್ದೋ, ಮೊದಲ ಹಂತದಲ್ಲಿ ಹಣ್ಣಿನ ಚೂರುಗಳು ನೀರಿನ ಮೇಲೆ ಒಣಗುತ್ತ ತೇಲಿದ್ದೋ ಕಾರಣವಾಗಿರುತ್ತದೆ.

ಮಾಡುವ ಬಗೆಯೂ ಎರಡು. ಇಡೀ ಹಣ್ಣನ್ನು ಮಿಕ್ಸಿಗೆ ಹಾಕಿ, ಬಟ್ಟೆಯಲ್ಲಿ ಹಿಂಡಿ ರಸ ತೆಗೆದು ಹುದುಗಲು ಬಿಡುವುದು ಒಂದು. ಪಾಯಸಕ್ಕೋ ಜಾಮಿಗೋ ಹೆಚ್ಚಿದ ಸೇಬಿನ ಸಿಪ್ಪೆ, ನಡುವಿನ ಬೀಜದ ಗೂಡು, ಪೆಟ್ಟು ಬಿದ್ದ ಹೋಳುಗಳನ್ನು ಸಕ್ಕರೆ ನೀರಿನಲ್ಲಿ ನೆನೆಹಾಕುವುದು ಇನ್ನೊಂದು. ಮೊದಲನೆಯದೇ ನಿಜವಾದ ಸೇಬಿನ ವಿನೆಗರ್. ಎರಡನೆಯದು, ಹೇಳಲು ಸಂಕೋಚವಾದರೂ, ಸೇಬಿನ ಪರಿಮಳವಿರುವ ಸಕ್ಕರೆಯ ವಿನೆಗರ್. ಹಾಗೆಂದು ಅದನ್ನು ಹೀಗಳೆಯಬೇಕಿಲ್ಲ. ಕಸದ ಬುಟ್ಟಿಗೆ ಹೋಗುವ ಸಿಪ್ಪೆಯಿಂದ ವರ್ಷಕ್ಕಾಗುವಷ್ಟು ವಿನೆಗರ್ ಬರುವುದಾದರೆ ಯಾರು ಬೇಡವೆನ್ನುತ್ತಾರೆ?

ಲೆಕ್ಕ ಮಾತ್ರ ಬೇರೆ ಬೇರೆ. ಸಿಹಿ ಸೇಬಿನ ರಸದಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತರಿಂದ ಹನ್ನೆರಡು ಪಾಲು ಸಕ್ಕರೆ ಇರುತ್ತದೆ. ಮನೆಯ ಮಟ್ಟದಲ್ಲಿ ಸಕ್ಕರೆಯ ಸುಮಾರು ಅರ್ಧದಷ್ಟು ಆಮ್ಲ ಕೈಗೆ ಬರುತ್ತದೆಂದು ಇಟ್ಟುಕೊಳ್ಳಬಹುದು; ಶಾಸ್ತ್ರದ ಲೆಕ್ಕ ಇದಕ್ಕಿಂತ ಹೆಚ್ಚು ಹೇಳುತ್ತದಾದರೂ ಒಂದಷ್ಟು ಮದ್ಯಸಾರ ಆವಿಯಾಗಿ ಹೋಗುತ್ತದೆ, ಒಂದಷ್ಟನ್ನು ಸೂಕ್ಷ್ಮಜೀವಿಗಳೇ ಉಂಡು ಮುಗಿಸುತ್ತವೆ. ಅಂದರೆ ರಸದಿಂದ ಶೇಕಡಾ ಐದರ ಆಸುಪಾಸಿನ ವಿನೆಗರ್ ಸಿಗಬಹುದು. ಸಿಪ್ಪೆಯ ವಿಧಾನದಲ್ಲಿ ಎಲ್ಲರೂ ಹೇಳಿಕೊಡುವುದು ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಸಕ್ಕರೆ. ಲೀಟರಿಗೆ ಐವತ್ತು ಗ್ರಾಂನಷ್ಟಾಯಿತು. ಸಿಪ್ಪೆಯಿಂದ ಇಳಿಯುವ ಸಿಹಿಯನ್ನೂ ಸೇರಿಸಿದರೆ ಕೊನೆಗೆ ಸಿಗುವ ಆಮ್ಲ ಶೇಕಡಾ ಎರಡೂವರೆ, ಹೆಚ್ಚೆಂದರೆ ಮೂರು. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳು ವಿನೆಗರ್ ಎಂದು ಮಾರಲು ಕೇಳುವುದು ಕನಿಷ್ಠ ಶೇಕಡಾ 3.75. ಆದ್ದರಿಂದ ನಾನು ಸಿಪ್ಪೆಯ ಭರಣಿಗೆ ಲೀಟರಿಗೆ ತೊಂಬತ್ತರಿಂದ ನೂರು ಗ್ರಾಂ ಸಕ್ಕರೆ ಹಾಕುತ್ತೇನೆ. ‘ಇಷ್ಟೊಂದು ಸಕ್ಕರೆಯೇ!’ ಎಂದು ಹುಬ್ಬೇರಿಸುವವರಿಗೆ ಹೇಳುವುದಿಷ್ಟೇ, ಅದು ನಮ್ಮ ಹೊಟ್ಟೆಗೆ ಹೋಗುವುದಿಲ್ಲ, ಯೀಸ್ಟಿನ ಹೊಟ್ಟೆಗೆ ಹೋಗುತ್ತದೆ. ಬೆಲ್ಲವೂ ಆಗುತ್ತದೆ, ಆದರೆ ಬೆಲ್ಲದ ವಾಸನೆಯ ಮುಂದೆ ಸೇಬಿನ ವಾಸನೆ ಸೋಲುತ್ತದೆ.

ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಕುದಿಸಿ ಆರಿಸಿದ ನೀರನ್ನೇ ಬಳಸಬೇಕು. ವಿದೇಶದಿಂದ ಬರುವ ಕನ್ನಡಿಯಂತೆ ಹೊಳೆಯುವ ಸೇಬಿಗೆ ಮೇಣ ಸವರಿರುವುದುಂಟು, ಅದರ ಸಿಪ್ಪೆಯನ್ನು ನಾನು ಹಾಕುವುದಿಲ್ಲ. ಬೀಜಗಳನ್ನು ಅರೆಯಬಾರದು. ಗಾಜಿನ ಭರಣಿಯ ಅರ್ಧದಷ್ಟು ಹೋಳು ತುಂಬಿ, ಸಕ್ಕರೆ ಕರಗಿಸಿದ ನೀರನ್ನು ಹೋಳು ಮುಳುಗುವಂತೆ ಸುರಿದು, ತೆಳುಬಟ್ಟೆ ಕಟ್ಟಿ, ಬೆಳಿಗ್ಗೆ ಸಂಜೆ ಒಣಗಿದ ಮರದ ಸೌಟಿನಿಂದ ತಿರುವಿದರಾಯಿತು. ಎರಡು ಮೂರು ದಿನಕ್ಕೆ ಅಂಚಿನಲ್ಲಿ ಸಣ್ಣ ಗುಳ್ಳೆಗಳ ಸಾಲು ಕಾಣುತ್ತದೆ. ಸೌಟು ಹಾಕಿದ ಕೂಡಲೇ ನೊರೆ ಬುಸುಗುಟ್ಟಿ ಮೇಲೇಳುತ್ತದೆ. ಆ ವಾರದ ವಾಸನೆಗೇ ನಮ್ಮ ಅತ್ತೆಯವರು ಅಡಿಗೆಮನೆಯ ಬಾಗಿಲಲ್ಲಿ ನಿಂತು ‘ಏನಮ್ಮಾ, ಮನೆಯಲ್ಲೇ ಹೆಂಡ ಇಳಿಸೋಕೆ ಶುರು ಮಾಡಿದೆಯಾ?’ ಎಂದು ಕೇಳಿದ್ದು. ಅವರ ಮೂಗು ಸುಳ್ಳು ಹೇಳಿರಲಿಲ್ಲ. ಆ ಹೊತ್ತಿನಲ್ಲಿ ಭರಣಿಯಲ್ಲಿ ಇದ್ದದ್ದು ಅದೇ. ಗುಳ್ಳೆ ನಿಂತು, ಹೋಳುಗಳು ಬಣ್ಣಗೆಟ್ಟು ತಳಕ್ಕಿಳಿದವೆಂದರೆ ಸಿಹಿ ಮುಗಿಯಿತೆಂದು ಅರ್ಥ. ಬೆಂಗಳೂರಿನ ಹವೆಯಲ್ಲಿ ಇದಕ್ಕೆ ಎರಡರಿಂದ ಮೂರು ವಾರ ಹಿಡಿಯುತ್ತದೆ. ಡಿಸೆಂಬರಿನ ಚಳಿಯಲ್ಲಿ ಇನ್ನೂ ನಿಧಾನ.

ಸೋಸಿದ ದ್ರವವನ್ನು ಅಗಲ ಬಾಯಿಯ ಪಾತ್ರೆಗೆ ಹಾಕುವಾಗ ಅರ್ಧಕ್ಕಿಂತ ಹೆಚ್ಚು ತುಂಬಿಸದಿರುವುದೇ ಎರಡನೆಯ ಹಂತದ ಗುಟ್ಟು. ಹಳೆಯ ವಿನೆಗರ್ ಇದ್ದರೆ, ಅದೂ ಕಾಯಿಸಿ ಶುದ್ಧಿ ಮಾಡದೆ ಇದ್ದದ್ದಾದರೆ, ಐದನೇ ಒಂದು ಪಾಲು ಬೆರೆಸಬೇಕು. ಹೆಪ್ಪು ಹಾಕಿದ ಹಾಗೆ ಅದು ಬೇಕಾದ ಬ್ಯಾಕ್ಟೀರಿಯಾವನ್ನು ತಂದು ಸೇರಿಸುವುದಲ್ಲದೆ, ಆರಂಭದಲ್ಲೇ ಹುಳಿ ಏರಿಸಿ ಬೇಡದವುಗಳನ್ನು ದೂರವಿಡುತ್ತದೆ. ಇಪ್ಪತ್ತೈದರಿಂದ ಮೂವತ್ತು ಡಿಗ್ರಿಯ ಬೆಚ್ಚನೆಯ, ಬೆಳಕು ಕಡಿಮೆಯಿರುವ ಮೂಲೆ ಸಾಕು. ನಡುವೆ ಕೆಲವು ದಿನ ಉಗುರಿನ ಬಣ್ಣ ಅಳಿಸುವ ದ್ರಾವಣದ ವಾಸನೆ ಬಂದರೆ ಹೆದರಬೇಕಿಲ್ಲ. ಮದ್ಯಸಾರವೂ ಆಮ್ಲವೂ ಕೂಡಿ ಈಥೈಲ್ ಆಸಿಟೇಟ್ ಆಗುವುದರಿಂದ ಬರುವ ವಾಸನೆ ಅದು, ಮುಂದೆ ತಾನಾಗಿ ಕಡಿಮೆಯಾಗುತ್ತದೆ. ಮೇಲೆ ಮಬ್ಬಾದ ತೆಳು ಪದರ ಹರಡಿ, ವಾರಗಳು ಕಳೆದಂತೆ ಎಳನೀರಿನ ಎಳೆಗಂಜಿಯಷ್ಟು ದಪ್ಪಗಾಗಿ ಜಾರುವಂತಾದರೆ ಅದೇ ವಿನೆಗರಿನ ತಾಯಿ. ಬ್ಯಾಕ್ಟೀರಿಯಾ ನೇಯ್ದ ಸೆಲ್ಯುಲೋಸ್ ಹಾಳೆ. ಬಿಳಿಯ, ಒಣಗಿದ, ಸುಕ್ಕುಗಟ್ಟಿದ ಪದರವಾದರೆ ಕಾಡು ಯೀಸ್ಟ್. ತೆಗೆದು ಹಾಕಿದರೆ ಮುಗಿಯಿತು. ನವಿರು ಕೂದಲಿನಂತೆ ಎದ್ದ ಹಸಿರು ಅಥವಾ ಕಪ್ಪು ಮಚ್ಚೆ ಕಂಡರೆ ಅದು ಬೂಷ್ಟು, ಇಡೀ ಭರಣಿಯನ್ನು ಚೆಲ್ಲುವುದೇ ಸರಿ.

ಒಂದೂವರೆ ಎರಡು ತಿಂಗಳಿಗೆ ಮೂಗಿಗೆ ಚುರುಕು ಮುಟ್ಟುವ ಹುಳಿ ಬರುತ್ತದೆ. ಆಮೇಲೂ ಅದನ್ನು ಹಾಗೇ ತೆರೆದಿಡಬಾರದು. ಮದ್ಯಸಾರ ಮುಗಿದ ಮೇಲೆ ಇವೇ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಆಸಿಟಿಕ್ ಆಮ್ಲವನ್ನೇ ತಿಂದು ನೀರು ಮತ್ತು ಇಂಗಾಲದ ಡೈಆಕ್ಸೈಡ್ ಮಾಡಿಬಿಡುತ್ತವೆ, ಕಟ್ಟಿದ ಹುಳಿ ಕರಗುತ್ತ ಹೋಗುತ್ತದೆ. ಗಾಜಿನ ಬಾಟಲಿಯ ಕುತ್ತಿಗೆಯವರೆಗೆ ತುಂಬಿ ಬಿಗಿದರೆ ಅವಕ್ಕೆ ಗಾಳಿ ಸಿಗದು. ಗಾಜು ಅಥವಾ ಪಿಂಗಾಣಿ ಜಾಡಿಯೇ ಆಗಬೇಕು. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಹುಳಿ ಇಟ್ಟರೆ ಕಿಲುಬು ಬರುತ್ತದೆಂದು ನಮ್ಮ ಹಿರಿಯರು ಹೇಳುತ್ತಿದ್ದದ್ದು ಸಾರಿಗೆ ಎಷ್ಟು ನಿಜವೋ ವಿನೆಗರಿಗೂ ಅಷ್ಟೇ ನಿಜ. ಆ ಹಸಿರು ಕಿಲುಬು ವಿಷ.

ಈಗ ಅಳತೆ. ಹಲವರು ಪಿಎಚ್ (ಹುಳಿ ಹೆಚ್ಚಿದಷ್ಟೂ ಇಳಿಯುವ ಅಂಕಿ) ತೋರಿಸುವ ಕಾಗದ ಅದ್ದಿ ಸಮಾಧಾನಪಟ್ಟುಕೊಳ್ಳುತ್ತಾರೆ. ಅದರಿಂದ ತಿಳಿಯುವುದು ಬಹಳ ಕಡಿಮೆ. ಆಸಿಟಿಕ್ ಆಮ್ಲ ದುರ್ಬಲ ಆಮ್ಲವಾದ್ದರಿಂದ ಶೇಕಡಾ ಐದರ ವಿನೆಗರಿನ ಪಿಎಚ್ ಸುಮಾರು 2.4 ಇದ್ದರೆ ಶೇಕಡಾ ಎರಡರದ್ದು ಸುಮಾರು 2.6, ಅಂಗಡಿಯಲ್ಲಿ ಸಿಗುವ ಬಣ್ಣದ ಪಟ್ಟಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಆಮ್ಲ ಎಷ್ಟಿದೆ ಎಂದು ತಿಳಿಯಬೇಕಾದರೆ ಅದನ್ನು ಕ್ಷಾರದಿಂದ ತೀರಿಸಿ ನೋಡಬೇಕು. ನೂರು ಮಿಲಿಲೀಟರ್ ಶೇಕಡಾ ನಾಲ್ಕರ ವಿನೆಗರಿಗೆ ಲೆಕ್ಕದ ಪ್ರಕಾರ 5.6 ಗ್ರಾಂ ಅಡಿಗೆ ಸೋಡಾ ಬೇಕು. ಐವತ್ತು ಮಿಲಿಲೀಟರ್ ಅಳೆದುಕೊಂಡರೆ 2.8 ಗ್ರಾಂ. ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ಚಿಕ್ಕ ತಕ್ಕಡಿಯಲ್ಲಿ ಸೋಡಾ ತೂಗಿಟ್ಟುಕೊಂಡು, ವಿನೆಗರಿಗೆ ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತ ಕಲಕುತ್ತ ಬಂದು, ನೊರೆ ಪೂರ್ತಿ ನಿಂತಾಗ ಎಷ್ಟು ಖರ್ಚಾಯಿತೆಂದು ನೋಡುವುದು. ಮೊದಲು ಆಮ್ಲದ ಪ್ರಮಾಣ ಅಚ್ಚಾಗಿರುವ ಅಂಗಡಿಯ ವಿನೆಗರಿನಲ್ಲಿ ಮಾಡಿ ಕೈ ಪಳಗಿಸಿಕೊಂಡರೆ ಎಲ್ಲಿ ನಿಲ್ಲಿಸಬೇಕೆಂಬುದು ಕಣ್ಣಿಗೆ ಹತ್ತುತ್ತದೆ. ಮನೆಯ ವಿನೆಗರ್ 1.4 ಗ್ರಾಂಗೇ ಸುಮ್ಮನಾದರೆ ಅದು ಶೇಕಡಾ ಎರಡರದ್ದು. ಪ್ರಯೋಗಾಲಯದ ನಿಖರತೆ ಇದಕ್ಕಿಲ್ಲ, ಸೇಬಿನದೇ ಆದ ಮ್ಯಾಲಿಕ್ ಆಮ್ಲವೂ ಸ್ವಲ್ಪ ಸೋಡಾ ತಿನ್ನುತ್ತದೆ. ಆದರೂ ಎರಡು ಯಾವುದು, ನಾಲ್ಕು ಯಾವುದು ಎಂದು ತಿಳಿಯಲು ಧಾರಾಳವಾಗಿ ಸಾಕು.

ಹುಳಿ ಕಡಿಮೆ ಬಂತೆಂದು ಕುದಿಸಿ ಗಟ್ಟಿ ಮಾಡಲು ಹೋಗುವವರಿದ್ದಾರೆ. ಕೊಡಗಿನ ಕಾಚಂಪುಳಿಗೆ ಆ ದಾರಿ ನಡೆಯುತ್ತದೆ. ಅಲ್ಲಿ ಮಳೆಗಾಲದಲ್ಲಿ ಮಾಗಿ ಬಿದ್ದ ಹುಳಿಹಣ್ಣನ್ನು ಬುಟ್ಟಿಯಲ್ಲಿಟ್ಟು, ತೊಟ್ಟಿಕ್ಕುವ ರಸವನ್ನು ಒಲೆಯ ಮೇಲೆ ಕಪ್ಪಗೆ ಮಂದವಾಗುವವರೆಗೆ ಕಾಯಿಸುತ್ತಾರೆ. ಹಂದಿಕರಿಗೆ ಬೀಳುವ ಆ ಹುಳಿ ಹಣ್ಣಿನದೇ ಆದ ಆಮ್ಲ, ಬಿಸಿಗೆ ಹಾರಿಹೋಗುವುದಿಲ್ಲ. ಕೊಡಗಿನ ವಿನೆಗರ್ ಎಂದು ಅದನ್ನು ಕರೆದರೂ ಎರಡರ ಸ್ವಭಾವ ಬೇರೆ. ಸೇಬಿನ ವಿನೆಗರನ್ನು ಹಾಗೆ ಕಾಯಿಸಿದರೆ ನೀರಿನ ಜೊತೆಗೆ ಆಮ್ಲವೂ ಆವಿಯಾಗಿ ಮನೆಯವರೆಲ್ಲರ ಕಣ್ಣುರಿಸುತ್ತದೆ. ಅಡಿಗೆಯಲ್ಲೂ ಅಷ್ಟೆ, ಒಲೆ ಆರಿಸಿದ ಮೇಲೆ ಹಾಕಿದರೇ ಅದರ ಪರಿಮಳ ಉಳಿಯುವುದು.

ಅಡಿಗೆಗೆ ಶೇಕಡಾ ಮೂರರದ್ದಾದರೂ ಚಿಂತೆಯಿಲ್ಲ. ತೆಳ್ಳಗೆ ಹೆಚ್ಚಿದ ಈರುಳ್ಳಿಯನ್ನು ಉಪ್ಪಿನೊಂದಿಗೆ ಇದರಲ್ಲಿ ಅರ್ಧ ಗಂಟೆ ನೆನೆಸಿದರೆ ಖಾರ ಇಳಿದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ರೊಟ್ಟಿಯ ಬದಿಗೆ ಇಷ್ಟಿದ್ದರೆ ಬೇರೆ ನಂಚಿಕೆ ಬೇಡ. ಕೋಸಂಬರಿಗೆ ನಿಂಬೆಯೇ ಸರಿ, ಅದನ್ನು ಬದಲಿಸುವ ಉತ್ಸಾಹ ನನಗಿಲ್ಲ. ಆದರೆ ಉಪ್ಪಿನಕಾಯಿಯ ವಿಷಯದಲ್ಲಿ ನಾನು ಗಟ್ಟಿ. ಕಡಿಮೆ ಉಪ್ಪಿನಲ್ಲಿ, ಎಣ್ಣೆಯಿಲ್ಲದೆ, ವಿನೆಗರನ್ನೇ ನಂಬಿ ಮಾಡಿ ತಿಂಗಳುಗಟ್ಟಲೆ ಕಪಾಟಿನಲ್ಲಿಡುವ ತರಕಾರಿಗೆ ಅಳತೆ ಗೊತ್ತಿಲ್ಲದ ಮನೆಯ ವಿನೆಗರ್ ಹಾಕಬಾರದು. ಪಿಎಚ್ 4.6ಕ್ಕಿಂತ ಮೇಲಿದ್ದರೆ ಮುಚ್ಚಿದ ಬಾಟಲಿಯೊಳಗೆ ಬೊಟ್ಯುಲಿಸಂ ಎಂಬ ಪ್ರಾಣಾಂತಕ ಆಹಾರವಿಷವನ್ನು ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು, ತರಕಾರಿಯ ನೀರು ಇಳಿದು ಬೆರೆತಾಗ ದುರ್ಬಲ ವಿನೆಗರ್ ಇನ್ನಷ್ಟು ದುರ್ಬಲವಾಗುತ್ತದೆ. ಅಂಥದ್ದಕ್ಕೆ ಶೇಕಡಾ ಐದು ಎಂದು ಅಚ್ಚಾಗಿರುವ ಬಾಟಲಿಯೇ ಬೇಕು. ಮನೆಯದನ್ನು ಹಾಕಿದ್ದು ಫ್ರಿಜ್ಜಿನಲ್ಲಿದ್ದು ವಾರದೊಳಗೆ ಮುಗಿಯಲಿ.

ಮನೆಗೆಲಸದಲ್ಲಿ ಇದು ನಿಜವಾಗಿ ಗೆಲ್ಲುವುದು ಸುಣ್ಣದ ಮುಂದೆ. ಬೋರ್‌ವೆಲ್ ನೀರು ಕುಡಿದ ಕೆಟಲಿನ ತಳ, ನಲ್ಲಿಯ ಜಾಲರಿ, ಷವರಿನ ತೂತುಗಳಲ್ಲಿ ಕೂರುವ ಬಿಳಿ ಹಕ್ಕಳೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೋನೇಟ್. ಆಮ್ಲ ಸೋಕಿದೊಡನೆ ಅದು ಗುಳ್ಳೆಯೆಬ್ಬಿಸಿ ಕರಗುತ್ತದೆ. ವಿನೆಗರಿಗೆ ಸಮ ನೀರು ಬೆರೆಸಿ ಬೆಚ್ಚಗೆ ಮಾಡಿ ಅರ್ಧ ಗಂಟೆ ಬಿಟ್ಟರೆ ಉಜ್ಜುವ ಕೆಲಸವೇ ಉಳಿಯುವುದಿಲ್ಲ; ಮನೆಯದು ಶೇಕಡಾ ಎರಡರದ್ದಾದರೆ ನೀರು ಬೆರೆಸದೆ, ಒಂದು ಗಂಟೆ ಬಿಡಬೇಕು. ಇದೇ ಗುಣ ನೆಲದ ಮೇಲೆ ಶತ್ರುವಾಗುತ್ತದೆ. ಅಮೃತಶಿಲೆ, ಕಡಪ ಕಲ್ಲು, ನಮ್ಮ ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಇವೆಲ್ಲ ಅದೇ ಸುಣ್ಣದ ಬಳಗ. ಅಡಿಗೆಕಟ್ಟೆಯ ಕಡಪ ಕಲ್ಲಿನ ಮೇಲೆ ನಿಂಬೆಯ ಹೋಳು ಇಟ್ಟ ಕಡೆ ಬೆಳ್ಳಗೆ ಮಂಕಾದ ಗುರುತು ಉಳಿಯುವುದನ್ನು ನೋಡಿದವರಿಗೆ ಬೇರೆ ಸಾಕ್ಷಿ ಬೇಡ. ಮೊಸಾಯಿಕ್ ನೆಲ, ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲದ ಸಿಮೆಂಟು ಕೂಡ ಆಮ್ಲಕ್ಕೆ ಸವೆಯುತ್ತವೆ. ನೆಲ ಒರೆಸುವ ನೀರಿಗೆ ವಿನೆಗರ್ ಹಾಕಿ ಎಂಬ ಸಲಹೆಯನ್ನು ಈ ಊರಿನಲ್ಲಿ ಕಣ್ಣು ಮುಚ್ಚಿ ಪಾಲಿಸುವಂತಿಲ್ಲ.

ಸೋಡಾ ಮತ್ತು ವಿನೆಗರ್ ಬೆರೆಸಿ ಶುಚಿಗೊಳಿಸುವ ದ್ರಾವಣ ಮಾಡುವುದು ಇನ್ನೊಂದು ಜನಪ್ರಿಯ ಉಪಾಯ. ಮೇಲೆ ಹೇಳಿದ ಅಳತೆಯ ಕ್ರಮವನ್ನೇ ನೆನೆದರೆ ಇದರಲ್ಲಿ ಎಷ್ಟು ಹುರುಳಿದೆಯೆಂದು ತಿಳಿಯುತ್ತದೆ: ಒಂದು ಇನ್ನೊಂದನ್ನು ತೀರಿಸಿ, ಬುಸುಗುಟ್ಟಿದ ಮೇಲೆ ಉಳಿಯುವುದು ಸೋಡಿಯಂ ಆಸಿಟೇಟ್ ಬೆರೆತ ನೀರು. ಸಿಂಕಿನ ಕೊಳವೆಯಲ್ಲಿ ಸಡಿಲಾದ ಕಸವನ್ನು ಆ ನೊರೆ ಅಲುಗಿಸಬಹುದು, ಅಷ್ಟೆ. ಬೇರೆ ಬೇರೆಯಾಗಿ ಬಳಸಿದರೆ ಎರಡೂ ಉಪಯೋಗಿಯೇ. ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ದ್ರಾವಣದ ಜೊತೆ ವಿನೆಗರ್ ಬೆರೆಸುವುದು ಮಾತ್ರ ಅಪಾಯದ ಕೆಲಸ, ಕ್ಲೋರಿನ್ ಅನಿಲ ಹೊರಡುತ್ತದೆ. ಸ್ನಾನದ ಮನೆಯಂಥ ಇಕ್ಕಟ್ಟಿನಲ್ಲಂತೂ ಸಲ್ಲದು. ಹಣ್ಣಿನ ಮೇಲೆ ಮುತ್ತುವ ಸಣ್ಣ ನೊಣಗಳಿಗೆ ಬಟ್ಟಲಿನ ತಳದಲ್ಲಿ ಒಂದಿಷ್ಟು ವಿನೆಗರ್, ಅದಕ್ಕೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಸಾಕು. ಹುಳಿಯ ವಾಸನೆಗೆ ಬಂದ ನೊಣ ಸೋಪಿನಿಂದ ಬಿಗಿ ಕಳೆದುಕೊಂಡ ನೀರಿನ ಮೇಲೆ ನಿಲ್ಲಲಾರದೆ ಮುಳುಗುತ್ತದೆ.

ಗಡಸು ನೀರಿನಲ್ಲಿ ಸೋಪು ಹಾಕಿ ತಲೆ ತೊಳೆದಾಗ ಕೂದಲು ಜಿಗುಟಾಗುವುದು ಸೋಪೂ ಕ್ಯಾಲ್ಸಿಯಂ ಕೂಡಿ ಆಗುವ ಗಸಿಯಿಂದ. ಒಂದು ಚೊಂಬು ನೀರಿಗೆ ಒಂದೆರಡು ಚಮಚ ವಿನೆಗರ್ ಬೆರೆಸಿ ಕೊನೆಯಲ್ಲಿ ಸುರಿದುಕೊಂಡರೆ ಅದು ಬಿಡುತ್ತದೆ. ಸೀಗೆಕಾಯಿಯೂ ತುಸು ಹುಳಿಯದೇ ಆದ್ದರಿಂದ ಅದನ್ನು ಬಳಸುವವರಿಗೆ ಇದರ ಅಗತ್ಯವಿಲ್ಲ. ನೀರು ಬೆರೆಸದ ವಿನೆಗರನ್ನು ಮೊಡವೆಗೆ, ನರುಳಿಗೆ ಹತ್ತಿಯಲ್ಲಿ ಕಟ್ಟಿ ಚರ್ಮ ಸುಟ್ಟುಕೊಂಡ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಇನ್ನು ಕುಡಿಯುವ ಮಾತು. ಅಮೆರಿಕದ ವರ್ಮಾಂಟಿನ ವೈದ್ಯ ಡಿ.ಸಿ. ಜಾರ್ವಿಸ್ 1958ರಲ್ಲಿ ಸೇಬಿನ ವಿನೆಗರ್ ಮತ್ತು ಜೇನನ್ನು ನಾನಾ ಕಾಯಿಲೆಗೆ ಮದ್ದೆಂದು ಪ್ರಚಾರ ಮಾಡಿದಂದಿನಿಂದ ಈ ನಂಬಿಕೆ ತಗ್ಗಿಲ್ಲ. 2009ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದರಲ್ಲಿ ಹನ್ನೆರಡು ವಾರ ದಿನಕ್ಕೆ ಒಂದೆರಡು ದೊಡ್ಡ ಚಮಚ ವಿನೆಗರ್ ಕುಡಿದವರ ತೂಕ ಒಂದರಿಂದ ಎರಡು ಕಿಲೋ ಇಳಿದಿತ್ತು. 2024ರಲ್ಲಿ ಲೆಬನಾನಿನ ಅಧ್ಯಯನವೊಂದು ಅದಕ್ಕಿಂತ ಬಹಳ ದೊಡ್ಡ ಇಳಿಕೆಯನ್ನು ಹೇಳಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಅಂಕಿ ಅಂಶಗಳ ಮೇಲೆ ಅನುಮಾನ ಎದ್ದು, ಪ್ರಕಟಿಸಿದ ಬಿಎಂಜೆ ಎಂಬ ಬ್ರಿಟನ್ನಿನ ವೈದ್ಯಕೀಯ ಪತ್ರಿಕಾ ಸಮೂಹವೇ 2025ರ ಸೆಪ್ಟೆಂಬರಿನಲ್ಲಿ ಅದನ್ನು ಹಿಂತೆಗೆದುಕೊಂಡಿತು. ಮೊದಲ ಸುದ್ದಿ ನನಗೆ ಕಳಿಸಿದವರು ಹಲವರು, ಎರಡನೆಯದನ್ನು ಕಳಿಸಿದವರು ಯಾರೂ ಇಲ್ಲ. ಪಿಷ್ಟದ ಊಟದ ಜೊತೆ ವಿನೆಗರ್ ಇದ್ದರೆ ಊಟದ ನಂತರ ರಕ್ತದ ಸಕ್ಕರೆ ಏರುವುದು ತುಸು ತಗ್ಗುತ್ತದೆ ಎಂಬುದಕ್ಕೆ ಮಾತ್ರ ಒಂದಷ್ಟು ಆಧಾರವಿದೆ. ಅದು ಮಾತ್ರೆಗೆ ಬದಲಿಯಲ್ಲ. ಇನ್ಸುಲಿನ್ ಅಥವಾ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ದಿನವೂ ಕುಡಿದರೆ ಪೊಟ್ಯಾಸಿಯಂ ಕುಸಿಯುವ ಸಾಧ್ಯತೆ ಇರುವುದರಿಂದ, ವೈದ್ಯರನ್ನು ಕೇಳದೆ ಮುಂದುವರಿಯಬಾರದು.

ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕುಡಿಯುವ ಲೋಟದ ಬದಲು ಮಧ್ಯಾಹ್ನದ ಊಟಕ್ಕೆ ವಿನೆಗರಿನಲ್ಲಿ ನೆನೆಸಿದ ಆ ಈರುಳ್ಳಿಯನ್ನೇ ನಾನು ಸೂಚಿಸುವುದು. ಕುಡಿದೇ ತೀರುವೆನೆನ್ನುವವರು ಒಂದು ದೊಡ್ಡ ಲೋಟ ನೀರಿಗೆ ಒಂದು ಚಮಚಕ್ಕಿಂತ ಹೆಚ್ಚು ಹಾಕದಿರಲಿ, ಹಲ್ಲಿನ ಹೊರಪದರವನ್ನು ಆಮ್ಲ ಮೆತ್ತಗೆ ಮಾಡುವುದರಿಂದ ಕುಡಿದ ಕೂಡಲೇ ಬ್ರಷ್ ಹಿಡಿಯದೆ, ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ ಅರ್ಧ ಗಂಟೆಯಾದರೂ ಬಿಡಲಿ.